ಬಲ್ಲ ಮೂಲಗಳಿಂದ ತಿಳಿದುಬಂದಿದೆ

ಅರ್ಥಶಾಸ್ತ್ರ ಕಲಿಸುವವನಿಗೆ ದುಡ್ಡಿನ ವಿಷಯ ತಿಳಿದಿರುತ್ತದೆ ಎಂದು ಜನ ಯಾಕೆ ನಂಬುತ್ತಾರೋ ನನಗೆ ಇನ್ನೂ ಗೊತ್ತಾಗಿಲ್ಲ. ಸಸ್ಯಶಾಸ್ತ್ರದ ಮಾಸ್ತರರ ಹತ್ತಿರ ಹೋಗಿ ತಂಬುಳಿಗೆ ಯಾವ ಸೊಪ್ಪು ಒಳ್ಳೆಯದು ಎಂದು ಯಾರೂ ಕೇಳುವುದಿಲ್ಲ. ನನ್ನನ್ನು ಮಾತ್ರ ಮದುವೆಮನೆಯ ಪಂಕ್ತಿಯಲ್ಲಿ, ಯಲ್ಲಾಪುರದ ಬಸ್ಸಿನಲ್ಲಿ, ಒಮ್ಮೆ ಶ್ರಾದ್ಧದ ಊಟ ಮುಗಿಸಿ ಕೈ ತೊಳೆಯುತ್ತಿರುವಾಗಲೂ ಯಾವ ಷೇರು ಕೊಳ್ಳಬಹುದು ಎಂದು ಕೇಳಿದವರಿದ್ದಾರೆ. ಶಿರಸಿಯ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ನಾನು ಪಾಠ ಮಾಡಿದ್ದು ಒಂದೇ ನೋಟ್ಸಿನಿಂದ. ಅದರಲ್ಲಿ ‘ಷೇರುಪೇಟೆಯ ಮೇಲೆ ಪ್ರಭಾವ ಬೀರುವ ಬಾಹ್ಯ ಅಂಶಗಳನ್ನು ವಿವರಿಸಿ’ ಎಂಬ ಹತ್ತು ಅಂಕದ ಪ್ರಶ್ನೆಯೊಂದಿತ್ತು. ಯುದ್ಧ, ಮಳೆ, ಸರ್ಕಾರದ ಧೋರಣೆ, ವಿದೇಶಿ ಬಂಡವಾಳ ಎಂದು ಸಾಗಿ ಕೊನೆಯ ಅಂಶ ‘ವದಂತಿ’. ಅಲ್ಲಿಗೆ ಬರುವ ಹೊತ್ತಿಗೆ ಸರಿಯಾಗಿ ಗಂಟೆ ಹೊಡೆಯುತ್ತಿದ್ದುದರಿಂದ ವದಂತಿಯನ್ನು ನಾನು ಒಂದು ವರ್ಷವೂ ವಿವರಿಸಿದವನಲ್ಲ. ವಿವರಿಸುವುದಕ್ಕೆ ನನಗೆ ಗೊತ್ತೂ ಇರಲಿಲ್ಲ. ಗೊತ್ತಾದದ್ದು ನಮ್ಮ ಅತ್ತೆ ಕಣ್ಣಿನ ಪೊರೆ ತೆಗೆಸಿಕೊಳ್ಳಲು ನಮ್ಮ ಮನೆಗೆ ಬಂದ ವರ್ಷ.

ಅತ್ತೆ ಎಂದರೆ ನನ್ನ ಹೆಂಡತಿ ಶಾಲಿನಿಯ ತಾಯಿ, ಭಾಗೀರಥಿ. ಆಗ ಅವರಿಗೆ ಅರವತ್ತೆಂಟು. ಮಾವ ಯಲ್ಲಾಪುರದ ಕಟ್ಟಿಗೆ ಡಿಪೋದಲ್ಲಿ ಗುಮಾಸ್ತರಾಗಿದ್ದರು. ತೊಂಬತ್ತರ ದಶಕದ ಮೊದಲಲ್ಲಿ ಹುಬ್ಬಳ್ಳಿಯ ಫುಟ್‌ಪಾತಿನ ಮೇಲೆ ಷೇರಿನ ಅರ್ಜಿಗಳನ್ನು ಕಡಲೆಕಾಯಿಯ ಹಾಗೆ ಮಾರುತ್ತಿದ್ದ ಕಾಲವೊಂದಿತ್ತಲ್ಲ, ಆಗ ಲಾರಿಯವರ ಮಾತು ಕೇಳಿ ಅವರೂ ನಾಲ್ಕು ಕಂಪನಿಗಳ ಅರ್ಜಿ ತುಂಬಿದ್ದರು. ಬಂದ ಪತ್ರಗಳನ್ನು ಮಕ್ಕಳ ಜಾತಕದ ಜೊತೆ ಟ್ರಂಕಿನಲ್ಲಿಟ್ಟು ಮರೆತರು. ಅವರು ತೀರಿಕೊಂಡ ಮೇಲೆ ಅತ್ತೆ ಟ್ರಂಕು ತೆಗೆದು ನೋಡಿದರೆ ಮೂರು ಕಂಪನಿ ಮುಳುಗಿಹೋಗಿದ್ದವು, ಒಂದು ಮಾತ್ರ ಆಲದ ಮರದ ಹಾಗೆ ಬೆಳೆದು ನಿಂತಿತ್ತು. ಅತ್ತೆ ಯಾರನ್ನೂ ಕೇಳದೆ ಶಿರಸಿಗೆ ಬಂದು ಡಿಮ್ಯಾಟ್ ಖಾತೆ ತೆರೆದು ಅದನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡು ಹೋದರು. ಮಗಳ ಮನೆಗೆ ಬಂದು ಊಟ ಮಾಡಿ ಹೋದವರು ಅರ್ಥಶಾಸ್ತ್ರದ ಅಳಿಯನಿಗೆ ಆ ವಿಷಯ ಹೇಳಲೂ ಇಲ್ಲ. ಅಲ್ಲಿಂದ ಅವರ ಖರ್ಚೆಲ್ಲ ಆ ಒಂದು ಷೇರಿನ ಮೇಲೆಯೇ. ಯಾರ ಮುಂದೆಯೂ ಕೈ ಚಾಚಿದವರಲ್ಲ.

ಪೊರೆ ತೆಗೆದ ಡಾಕ್ಟರು ಹದಿನೈದು ದಿನ ಟಿವಿ ನೋಡಬಾರದು ಎಂದರು. ಅತ್ತೆ ಒಪ್ಪಿಕೊಂಡರು. ನೋಡಬಾರದು ಎಂದಿದ್ದಾರೆಯೇ ಹೊರತು ಕೇಳಬಾರದು ಎಂದಿಲ್ಲವಲ್ಲ. ವ್ಯಾಪಾರ ಸುದ್ದಿಯ ಚಾನೆಲ್ ಹಾಕಿಸಿ, ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿ ಕೂತು, ಪರದೆಯ ಕೆಳಗೆ ಓಡುವ ಅಂಕಿಗಳನ್ನು ನನ್ನಿಂದ ಓದಿಸತೊಡಗಿದರು. ಬಲಗಡೆಯಿಂದ ಬಂದು ಎಡಗಡೆಗೆ ಮಾಯವಾಗುವ ಆ ಅಕ್ಷರಗಳು ಎ ಇಂದ ಶುರುವಾಗಿ ಝಡ್ ಮುಟ್ಟಲು ಕಾಲು ಗಂಟೆ ಬೇಕು.

“ಮಾಸ್ತರೇ, ಎಲ್ಲಿಗೆ ಬಂತು?” ಎಂದು ಕೇಳುವರು.

“ಈಗ ಜಿ ನಡಿತಾ ಇದ್ದು ಅತ್ತೆ.”

“ನಂದು ಎಸ್. ಎಲ್ಲೂ ಹೋಗಡಿ.”

ಹೀಗೆ ಕಾಲೇಜಿಗೆ ರಜೆಯಿದ್ದ ದಸರೆಯನ್ನೆಲ್ಲ ನಾನು ಎಸ್ ಬರುವುದನ್ನು ಕಾಯುತ್ತ ಕಳೆದೆ. ಒಂದು ಸಲ ಆರ್ ತನಕ ಬಂದಾಗ ಕರೆಂಟು ಹೋಯಿತು. ಅತ್ತೆ ತಪ್ಪು ನನ್ನದೇ ಎಂಬಂತೆ ನಿಟ್ಟುಸಿರುಬಿಟ್ಟರು. ಹದಿನೈದು ದಿನ ಕಳೆಯಿತು, ಹಸಿರು ಬಟ್ಟೆ ಹೋಯಿತು, ಇನ್ನೊಂದು ಕಣ್ಣಿನದ್ದೂ ಚಳಿಗಾಲ ಕಳೆದ ಮೇಲೆ ಮಾಡಿಬಿಡೋಣ ಎಂದರು ಡಾಕ್ಟರು. ಅತ್ತೆ ಉಳಿದರು. ನಮ್ಮ ಮನೆಯ ಹವಾಮಾನ ಅಂದಿನಿಂದ ಪರದೇಶದವರ ಕೈಗೆ ಹೋಯಿತು. ಬೆಳಿಗ್ಗೆ ತೆಳ್ಳೇವು ದೋಸೆಯ ಮುಂದೆ ಕೂತರೆ “ಜಪಾನಲ್ಲಿ ಬಿದ್ದೋಯ್ದಡ” ಎಂಬ ಮಾತು ಮೊದಲು ಬರುವುದು, ಚಟ್ನಿ ಆಮೇಲೆ. ಅಮೆರಿಕದವರು ಬಡ್ಡಿ ಇಳಿಸಿದ ದಿನ ಮನೆಯಲ್ಲಿ ಹೋಳಿಗೆ. ಅದೇ ಅಮೆರಿಕದಲ್ಲಿ ಮನೆಸಾಲ ತೆಗೆದುಕೊಂಡವರು ಕಂತು ಕಟ್ಟಲಿಲ್ಲವಂತೆ ಎಂಬ ಸುದ್ದಿ ಬಂದ ವಾರ ಬರೀ ಮಜ್ಜಿಗೆ ಹುಳಿ. ಕಂಡು ಕೇಳದ ಯಾರೋ ಸಾಲಗಾರನಿಗಾಗಿ ನಾನು ಶಿರಸಿಯಲ್ಲಿ ಯಾಕೆ ಸಪ್ಪೆ ಊಟ ಉಣ್ಣಬೇಕು ಎಂದು ಶಾಲಿನಿಯನ್ನು ಕೇಳಿದೆ. “ಅದನ್ನೇ ಅಲ್ದ ನಿಂಗ ಕಾಲೇಜಲ್ಲಿ ಕಲಿಸದು?” ಎಂದಳು.

ಇಷ್ಟಕ್ಕೇ ನಿಂತಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಪ್ರಶ್ನೆಪತ್ರಿಕೆ ಟೈಪು ಮಾಡಲೆಂದು ನಾನೊಂದು ಕಂಪ್ಯೂಟರ್ ಇಟ್ಟುಕೊಂಡಿದ್ದೆ. ಅದಕ್ಕೆ ಇಂಟರ್ನೆಟ್ಟೂ ಬಂದಿತ್ತು. ಗೆಳೆಯರನ್ನು ಕೂಡಿಸುವ ಜಾಲತಾಣಗಳು ಆಗಷ್ಟೇ ನಮ್ಮ ಕಡೆ ಕಾಲಿಟ್ಟಿದ್ದವು. ಶಾಲಿನಿ ಅದರಲ್ಲಿ ‘ಡೇರೆ ಬಳಗ’ ಎಂಬ ಗುಂಪಿಗೆ ಸೇರಿದ್ದಳು. ನಮ್ಮ ಕಡೆಯ ಹೆಂಗಸರಿಗೆ ಡೇರೆ, ಅಂದರೆ ಡೇಲಿಯಾ ಹೂವೆಂದರೆ ಏನೆಂದು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಬಂಗಾರ ಕೊಟ್ಟಾರು, ಹೊಸ ಬಣ್ಣದ ಡೇರೆಯ ಗೆಡ್ಡೆ ಕೊಡುವಾಗ ಎರಡು ಸಲ ಯೋಚಿಸುತ್ತಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ನಲವತ್ತು ಐವತ್ತು ಹೆಂಗಸರು ಆ ಗುಂಪಿನಲ್ಲಿ ಹೂವಿನ ಪಟ ಹಾಕಿ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು, ಗೆಡ್ಡೆ ವಿನಿಮಯ ಮಾಡಿಕೊಳ್ಳುತ್ತಿದ್ದರು. ಹೊಸ ಕಣ್ಣು ಬಂದ ಅತ್ತೆ ಎರಡೇ ವಾರದಲ್ಲಿ ಕೀಲಿಮಣೆ ಕಲಿತು ಅದಕ್ಕೆ ಸೇರಿದರು. ಪ್ರಶ್ನೆಪತ್ರಿಕೆಯನ್ನು ನಾನು ಕೈಯಲ್ಲಿ ಬರೆಯತೊಡಗಿದೆ.

ಒಂದು ದಿನ ಆ ಬಳಗಕ್ಕೆ ‘ಮಾರ್ಕೆಟ್ ಸಿಂಹ’ ಎಂಬ ಹೆಸರಿನವನೊಬ್ಬ ಬಂದ. ಮುಖದ ಜಾಗದಲ್ಲಿ ಸಿಂಹದ ಚಿತ್ರ. ಯಾವ ಊರಿನವನೋ, ಯಾರು ಒಳಗೆ ಬಿಟ್ಟರೋ ಯಾರಿಗೂ ಗೊತ್ತಿಲ್ಲ. ಮೊದಲ ದಿನ ಒಂದು ಕೆಂಪು ಡೇರೆಯನ್ನು ಹೊಗಳಿದ. ಎರಡನೆಯ ದಿನ, ಗುಜರಾತಿನ ಕಡೆಯ ಒಂದು ಪೈಪ್ ಕಂಪನಿಯ ಷೇರು ಶುಕ್ರವಾರದೊಳಗೆ ಏರುತ್ತದೆ ಎಂದು ಬರೆದ. ಏರಿತು. ಮತ್ತೆ ಏರುತ್ತದೆ ಎಂದ, ಮತ್ತೆ ಏರಿತು. ಮೂರನೆಯ ಸಲ ಏರುವಷ್ಟರಲ್ಲಿ ಬಳಗದಲ್ಲಿ ಡೇರೆ ಹೂವು ಕಾಣೆಯಾಗಿ ಎಲ್ಲೆಲ್ಲೂ ಪೈಪು ಅರಳಿತ್ತು. ನಿಲ್ಕುಂದದ ಶಾರದಕ್ಕ ಎಂಬ ನಿವೃತ್ತ ಟೀಚರು, ಬಾವಿಗೆ ಕಟ್ಟೆ ಕಟ್ಟಿಸಲು ಇಟ್ಟ ಹಣವನ್ನು ಪೈಪಿಗೆ ಹಾಕಿದೆ ಎಂದು ಬರೆದುಕೊಂಡಿದ್ದರು. ಅದಕ್ಕೆ ಮೂವತ್ತು ಜನ ಶುಭ ಹಾರೈಸಿದ್ದರು.

ಸುದ್ದಿ ನಮ್ಮ ಕಾಲೇಜಿಗೂ ಬಂತು. ರಸಾಯನಶಾಸ್ತ್ರದ ಹಿರೇಮಠ ಸರ್ ಹಾವೇರಿ ಕಡೆಯವರು, ನೇರ ಮಾತಿನವರು. ಒಂದು ದಿನ ಸ್ಟಾಫ್ ರೂಮಿನಲ್ಲಿ ಕುರ್ಚಿ ಎಳೆದುಕೊಂಡು ನನ್ನ ಹತ್ತಿರ ಕೂತು, “ಸರ, ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಪೈಪ್ ಕಂಪನಿ ಬಗ್ಗೆ ಕೇಳಬೇಕಿತ್ತು” ಎಂದರು. ಅರ್ಥಶಾಸ್ತ್ರದವನ ಹತ್ತಿರ ಬರಬೇಕಾದವರು ಕೊನೆಗೂ ಬಂದರಲ್ಲ ಎಂದು ನಾನು ಕನ್ನಡಕ ಸರಿಮಾಡಿಕೊಂಡೆ. “ನಿಮ್ಮ ಅತ್ತಿಯವರು ಏನಂತಾರ್ರೀ?” ಎಂದರು ಹಿರೇಮಠರು.

ಅಂದು ಮನೆಗೆ ಹೋದವನೇ ಅತ್ತೆಯ ಎದುರು ಕೂತೆ. ಶನಿವಾರ ಮಧ್ಯಾಹ್ನ. ಅವರು ಅಡಿಕೆ ಕತ್ತರಿಸುತ್ತಿದ್ದರು.

“ಅತ್ತೆ, ಆ ಸಿಂಹ ಯಾರು ಹೇಳಿ ನಿಂಗಕ್ಕೆ ಗೊತ್ತಿದ್ದ?”

“ಇಲ್ಲೆ. ಪೇಟೆ ಏರ್ಸದು ಇಳ್ಸದು ಯಾರು ಹೇಳಿ ನಿಂಗಕ್ಕೆ ಗೊತ್ತಿದ್ದ?” ಎಂದು ಕೇಳಿ, ಅಡಿಕೆಯ ಹೋಳು ಬಾಯಿಗೆ ಹಾಕಿಕೊಂಡು, “ಇದ್ದಿದ್ದು ಮಾರಿ ಪೈಪಿಗೆ ಹಾಕನ ಹೇಳಿ ಮಾಡಿದ್ದೆ. ಸೋಮವಾರ ಷೇರು ಆಫೀಸಿಗೆ ಹೋಪದು. ನಿಂಗ ಎಂತ ಹೇಳ್ತ್ರಿ?” ಎಂದರು.

ಮಾವ ಬಿಟ್ಟುಹೋದದ್ದರಲ್ಲಿ ಬದುಕಿ ಉಳಿದ ಷೇರು ಅದೊಂದೇ. ಅದು ಹೋದರೆ ಇನ್ನೊಂದು ಕಣ್ಣಿಗೆ, ಔಷಧಕ್ಕೆ, ಯಲ್ಲಾಪುರದ ಮನೆಯ ಖರ್ಚಿಗೆ ಅತ್ತೆ ಅಳಿಯನ ಮುಂದೆ ಕೈಚಾಚಬೇಕು. ಅವರು ಸತ್ತರೂ ಚಾಚುವವರಲ್ಲ. ಹೀಗಾಗಿ ನಾನು ಎದ್ದು ಹೋಗಿ ನೋಟ್ಸು ತಂದೆ. ಬಾಹ್ಯ ಅಂಶಗಳನ್ನು ಒಂದರಿಂದ ಶುರುಮಾಡಿ ಮುಕ್ಕಾಲು ಗಂಟೆ ವಿವರಿಸಿದೆ. ಅತ್ತೆ ಅಡಕತ್ತರಿ ನಿಲ್ಲಿಸಿ ಕೇಳಿದರು.

“ಇದು ಯಾವ ವರ್ಷ ಬರದ್ದು?”

“ಎಂಬತ್ತಾರರಲ್ಲಿ.”

“ಹಾಂಗಾರೆ ಅದಕ್ಕೂ ಪೊರೆ ಬೈಂದು” ಎಂದು ಅಡಿಕೆ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಬಾಗಿಲಲ್ಲಿ ನಿಂತಿದ್ದ ಶಾಲಿನಿ, “ಆಯಿ ದುಡ್ಡು, ಆಯಿ ಇಷ್ಟ. ನಿಂಗ ಎಂತಕ್ಕೆ ತಲೆ ಕೆಡಿಸ್ಕ್ಯಳ್ತ್ರಿ?” ಎಂದಳು.

ತಲೆ ಕೆಟ್ಟದ್ದು ಹೌದು. ಭಾನುವಾರ ಅವರಿಬ್ಬರೂ ಯಾರದೋ ಮನೆಯ ಊಟಕ್ಕೆ ಹೋದಾಗ ನಾನು ಕಂಪ್ಯೂಟರ್ ಹಚ್ಚಿ ಆ ಜಾಲತಾಣದಲ್ಲಿ ‘ಆರ್ಥಿಕ ಹಿತೈಷಿ’ ಎಂಬ ಹೆಸರಿನಲ್ಲಿ ಖಾತೆ ತೆರೆದು ಡೇರೆ ಬಳಗಕ್ಕೆ ಸೇರಿದೆ. ಸಿಂಹಕ್ಕೆ ಸರಿಜೋಡಿಯಾಗಲಿ ಎಂದು ಗರುಡನ ಚಿತ್ರ ಹಾಕಿದೆ. ಪ್ರಶ್ನೆಪತ್ರಿಕೆಯ ಕನ್ನಡ ಅಕ್ಷರಗಳಲ್ಲೇ ನಾಲ್ಕು ಪ್ಯಾರಾ ಬರೆದೆ. ‘ಹೂಡಿಕೆದಾರರು ಹೊರಗಿನ ಪ್ರಭಾವಗಳಿಗೆ ಒಳಗಾಗಬಾರದು. ಆದಾಗ್ಯೂ ವಿವೇಚನೆಯಿಂದ ಹೂಡಿಕೆ ಮಾಡುವುದು ತಪ್ಪಲ್ಲ’ ಎಂಬಂತಹ ಘನವಾದ ಮಾತುಗಳು. ಒಂದು ಗಂಟೆ ಕಾದೆ. ಒಂದೇ ಒಂದು ಉತ್ತರ ಬಂತು. ಮಾಗೋಡಿನ ಒಬ್ಬ ಹೆಂಗಸು, ನಿಮ್ಮಲ್ಲಿ ಹಳದಿ ಡೇರೆಯ ಗೆಡ್ಡೆ ಇದೆಯೇ ಎಂದು ಕೇಳಿದ್ದಳು.

ಇಪ್ಪತ್ತೆರಡು ವರ್ಷದ ಸಿಟ್ಟು ಒಟ್ಟಿಗೆ ಬಂತು ನನಗೆ. ತರಗತಿಯಲ್ಲಿ ಆಕಳಿಸಿದವರು, ಪಂಕ್ತಿಯಲ್ಲಿ ಸಲಹೆ ಕೇಳಿ ಬೇರೆಯದನ್ನೇ ಕೊಂಡವರು, ಪೊರೆ ಬಂದಿದೆ ಎಂದ ಅತ್ತೆ, ಎಲ್ಲರೂ ಕಣ್ಣೆದುರು ಸಾಲಾಗಿ ನಿಂತರು. ಪತ್ರಿಕೆಯವರ ಭಾಷೆ ನೆನಪಾಗಿ ಒಂದೇ ಸಾಲು ಹೊಡೆದೆ. ‘ಪೈಪ್ ಕಂಪನಿಯ ಕಾರ್ಖಾನೆಗೆ ಶೀಘ್ರದಲ್ಲೇ ಬೀಗ ಬೀಳಲಿದೆ ಎಂದು ಬಲ್ಲ ಮೂಲಗಳಿಂದ ತಿಳಿದುಬಂದಿದೆ.’ ಬಲ್ಲ ಮೂಲ ಎಂದರೆ ನಾನು. ಆ ಕಾರ್ಖಾನೆ ಯಾವ ದಿಕ್ಕಿನಲ್ಲಿದೆ ಎಂಬುದೂ ನನಗೆ ಗೊತ್ತಿರಲಿಲ್ಲ. ಅತ್ತೆ ಹೆದರಿ ಸೋಮವಾರ ಮನೆಯಲ್ಲಿ ಉಳಿದರೆ ಸಾಕು, ಮಂಗಳವಾರ ಅದನ್ನು ಅಳಿಸಿಬಿಡೋಣ ಎಂದುಕೊಂಡು ಕಂಪ್ಯೂಟರ್ ಆರಿಸಿ, ಒಂದು ಲೋಟ ಚಹಾ ಮಾಡಿಕೊಂಡು ಸಮಾಧಾನದಿಂದ ಕುಡಿದೆ.

ಸೋಮವಾರ ಕಾಲೇಜಿನ ಮೆಟ್ಟಿಲಲ್ಲೇ ಹಿರೇಮಠರು ಸಿಕ್ಕರು. ಮುಖ ಬಾಡಿತ್ತು. “ಸರ, ಕೇಳಿದ್ರೇನು? ಪೈಪ್ ಕಂಪನಿಗೆ ಬೀಗ ಹಾಕ್ಯಾರಂತ.”

“ಬೀಳಲಿದೆ ಅಂತಲ್ಲವೆ?” ಎಂದೆ ನಾನು, ಬಾಯಿತಪ್ಪಿ.

“ಬಿದ್ದೇ ಬಿಟ್ಟದ್ರಿ. ಕೆಲಸಗಾರರು ರಸ್ತಾದ ಮ್ಯಾಲೆ ಕುಂತಾರಂತ. ಮಾಲಕ ದುಬೈಕ್ಕ ಓಡಿಹೋಗ್ಯಾನಂತ.”

ದುಬೈ ನಾನು ಬರೆದಿರಲಿಲ್ಲ. ಹತ್ತು ಗಂಟೆಗೆ ಗುಮಾಸ್ತರೊಬ್ಬರು ಬಂದು, ಮಾಲಿಕ ಹೋದದ್ದು ದುಬೈಗಲ್ಲ, ಮಸ್ಕತ್ತಿಗೆ ಎಂದು ತಿದ್ದಿದರು. ಹನ್ನೊಂದಕ್ಕೆ ಲೈಬ್ರರಿಯವರು, ತಮ್ಮ ಭಾವನ ಪರಿಚಯದವರು ಬೀಗವನ್ನು ಕಣ್ಣಾರೆ ಕಂಡಿದ್ದಾರೆ ಎಂದರು. ಬೀಗದ ಅಳತೆಯನ್ನೂ ಕೈಯಲ್ಲಿ ತೋರಿಸಿದರು. ನನಗೆ ಮೊದಲು ನಗು ಬಂತು. ಆಮೇಲೆ ಬೆವರು ಬಂತು.

ಬೆವರು ಯಾಕೆ ಬಂತೆಂದು ಹೇಳಬೇಕಾದರೆ ಇಲ್ಲಿಯವರೆಗೆ ಮುಚ್ಚಿಟ್ಟ ಒಂದು ವಿಷಯ ಹೇಳಲೇಬೇಕು. ಸಿಂಹ ಎರಡನೆಯ ಸಲ ಹೇಳಿದ್ದು ನಿಜವಾದ ಮರುದಿನ ನಾನು ಷೇರು ಆಫೀಸಿಗೆ ಹೋಗಿ, ಆಗ ತಾನೇ ಕೈಗೆ ಬಂದಿದ್ದ ಗಳಿಕೆ ರಜೆಯ ಹಣವನ್ನೆಲ್ಲ ಪೈಪಿಗೆ ಹಾಕಿದ್ದೆ. ಶಾಲಿನಿಗೂ ಹೇಳಿರಲಿಲ್ಲ. ಡೇರೆ ಬೆಳೆಸುವ ನಲವತ್ತು ಹೆಂಗಸರಿಂದ ಮುಂಬಯಿಯ ಪೇಟೆ ಅಲ್ಲಾಡುತ್ತದೆಯೇ, ನನ್ನ ದುಡ್ಡಿಗೆ ಏನೂ ಆಗುವುದಿಲ್ಲ ಎಂಬ ಧೈರ್ಯದಿಂದಲೇ ಭಾನುವಾರ ಆ ಸಾಲು ಬರೆದದ್ದು. ಈಗ ನೋಡಿದರೆ ಬೀಗಕ್ಕೆ ಅಳತೆ ಬಂದಿದೆ. ನಾನು ಸುಳ್ಳು ಬರೆದಿದ್ದು ಖರೆ, ಆದರೆ ಅದು ಆಕಸ್ಮಿಕವಾಗಿ ನಿಜವೂ ಆಗಿರಬಾರದೇಕೆ? ಇಷ್ಟು ಜನ, ಇಷ್ಟು ವಿವರವಾಗಿ, ಬೇರೆ ಬೇರೆ ದಿಕ್ಕಿನಿಂದ ಹೇಳುವಾಗ? ಹನ್ನೆರಡು ಗಂಟೆಯ ತರಗತಿಯನ್ನು ಬಿಟ್ಟು ಷೇರು ಆಫೀಸಿಗೆ ಓಡಿದೆ.

ಅಲ್ಲಿ ಸಣ್ಣದೊಂದು ಗುಂಪೇ ನಿಂತಿತ್ತು. ಹಿರೇಮಠರು ನನಗಿಂತ ಮುಂದೆ ಇದ್ದರು. ಆಫೀಸಿನ ಶಾನಭಾಗರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, “ಇವತ್ತು ಎಲ್ಲವೂ ಬಿದ್ದಿದೆ ಸರ್. ಅಮೆರಿಕದ್ದು ಗಲಾಟೆ. ಬೀಗ ಗೀಗ ನನಗೆ ಗೊತ್ತಿಲ್ಲ. ಎರಡು ದಿನ ತಡೆದರೆ ಒಳ್ಳೆಯದಿತ್ತು” ಎಂದರು. ನಾನು ನೋಟ್ಸು ಬರೆದವನು, ಅವರ ಮಾತು ಕೇಳುತ್ತೇನೆಯೇ. ಸಿಕ್ಕಿದ ಬೆಲೆಗೆ ಮಾರಿದೆ. ಹಾಕಿದ್ದರಲ್ಲಿ ಅರ್ಧ ಬಂತು. ಬುಧವಾರ ಅದೇ ಷೇರು ಸ್ವಲ್ಪ ಚೇತರಿಸಿಕೊಂಡಿತು ಎಂದು ಆಮೇಲೆ ತಿಳಿಯಿತು. ಆ ಸಿಂಹ ಬಳಗದಿಂದ ಮಾಯವಾಗಿದ್ದ.

ಮನೆಗೆ ಬಂದರೆ ಅತ್ತೆ ಜಗುಲಿಯಲ್ಲಿ ಡೇರೆ ಗೆಡ್ಡೆಗಳನ್ನು ಮಣ್ಣು ಉದುರಿಸಿ ಬುಟ್ಟಿಗೆ ಹಾಕುತ್ತಿದ್ದರು. ಷೇರು ಆಫೀಸಿಗೆ ಹೋಗಿರಲಿಲ್ಲ.

“ಬೀಗದ ಸುದ್ದಿ ಓದಿದ್ರ?” ಎಂದೆ, ತೀರ ಸಹಜವಾಗಿ.

“ಓದ್ದೆ. ಬಳಗದಲ್ಲಿ ಎಲ್ಲರೂ ಇಂಗ್ಲಿಷ್ ಅಕ್ಷರದಲ್ಲಿ ಬರಿತ್ವ. ಕನ್ನಡ ಅಕ್ಷರದಲ್ಲಿ, ಅದೂ ‘ಆದಾಗ್ಯೂ’ ಹೇಳಿ ಬರಿಯವು ಈ ಜಿಲ್ಲೆಯಲ್ಲಿ ಎಷ್ಟು ಜನ ಇದ್ದ?”

ನಾನು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದೆ. ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ. “ಆನು ಪೈಪು ತಗಳವ್ಳೇ ಅಲ್ಲ. ಆ ಕಂಪನಿ ಪೈಪು ಯಾರಾದ್ರೂ ನೋಡಿದ್ರ ಕೇಳ್ದೆ. ಬಳಗದಲ್ಲಿ ಒಬ್ರೂ ನೋಡಿದ್ವಿಲ್ಲೆ. ಗೆಡ್ಡೆ ನೋಡದ್ದೆ ಡೇರೆ ತಗಳ್ತ್ವ?”

“ಮತ್ತೆ ಶನಿವಾರ ಹಾಂಗೆ ಹೇಳಿದ್ದು?”

“ನಿಂಗ ಎಂತ ಹೇಳ್ತ್ರಿ ನೋಡನ ಹೇಳಿ. ಮುಕ್ಕಾಲು ತಾಸು ಪುಸ್ತಕ ಓದಿದ್ರಿ. ‘ಬ್ಯಾಡ ಅತ್ತೆ’ ಹೇಳಿ ಒಂದು ಮಾತು ನಿಂಗಳ ಬಾಯಲ್ಲಿ ಬಂಜಿಲ್ಲೆ.”

ನಿಜ. ನೆನಪು ಮಾಡಿಕೊಂಡರೆ ಆ ಮಾತು ನನ್ನ ನೋಟ್ಸಿನ ಯಾವ ಪುಟದಲ್ಲೂ ಇಲ್ಲ.

ಅತ್ತೆಯದು ಅಲ್ಲಿಗೆ ಮುಗಿಯಿತು, ನನ್ನದು ಮುಗಿಯಲಿಲ್ಲ. ವಾರದ ಮೇಲೆ ನಿಲ್ಕುಂದದ ಶಾರದಕ್ಕ ಅತ್ತೆಗೆ ಫೋನು ಮಾಡಿದರು. ಬೀಗದ ಸುದ್ದಿ ಕೇಳಿ ಅವರೂ ಸೋಮವಾರವೇ ನಷ್ಟಕ್ಕೆ ಮಾರಿದ್ದರಂತೆ. ಅತ್ತೆ ಫೋನು ಹಿಡಿದುಕೊಂಡೇ ನನ್ನತ್ತ ನೋಡಿದರು. ಆ ನೋಟವನ್ನು ಹದಿನೈದು ದಿನ ಹೊತ್ತು ತಿರುಗಿ, ಸಿದ್ದಾಪುರಕ್ಕೆ ಪರೀಕ್ಷೆಯ ಕೆಲಸ ಬಿದ್ದಾಗ ನಿಲ್ಕುಂದಕ್ಕೆ ಹೋದೆ, ಒಪ್ಪಿಕೊಂಡುಬಿಡೋಣ ಎಂದು. ಶಾರದಕ್ಕ ಸಣ್ಣ ಮೈಕಟ್ಟಿನ ಹೆಂಗಸು, ಟೀಚರಿಕೆ ಮುಗಿದರೂ ಬೆರಳ ತುದಿಯಲ್ಲಿ ಸೀಮೆಸುಣ್ಣ ಹಿಡಿದಂತೆಯೇ ಮಾತಾಡುವವರು. ಮಜ್ಜಿಗೆ ಕೊಟ್ಟು, ಕಟ್ಟೆಯಿಲ್ಲದ ಬಾವಿಯನ್ನು ತೋರಿಸಿದರು. ಸುತ್ತ ಬಿದಿರಿನ ಗಳ ಕಟ್ಟಿದ್ದರು. “ಆ ಹಿತೈಷಿ ಹೇಳವ ಎಲ್ಲಾದ್ರೂ ಸಿಕ್ರೆ ಒಂದು ಮಾತು ಕೇಳವು ಹೇಳಿ ಇದ್ದು. ಅವಂಗೆ ಹೇಳ್ದವ್ವು ಯಾರು?” ಎಂದರು. ಮಜ್ಜಿಗೆಯ ಲೋಟ ಕೆಳಗಿಟ್ಟೆ. ಬಾಯಿ ತೆರೆದೆ. ಬಂದ ಮಾತು, “ನಿಂಗಳಲ್ಲಿ ಡೇರೆ ಗೆಡ್ಡೆ ಮಾರಾಟಕ್ಕೆ ಇದ್ದ?” ಎಂಬುದು. ಅವರು ಹೇಳಿದ್ದರ ಮೂರು ಪಟ್ಟು ಕೊಟ್ಟು, ಅವರು ಬೇಡಬೇಡವೆನ್ನುತ್ತಿದ್ದರೂ ಒಂದು ಚೀಲ ಗೆಡ್ಡೆ ಹೊತ್ತುಕೊಂಡು ಬಸ್ಸು ಹತ್ತಿದೆ. ಶಾಲಿನಿ ಚೀಲ ಬಿಚ್ಚಿ ನೋಡಿ, ಎಲ್ಲವೂ ನಮ್ಮಲ್ಲೇ ಇರುವ ಬಣ್ಣ ಎಂದಳು.

ಮುಂದೆ ನಡೆದದ್ದನ್ನು ನಾನು ಬೇಕೆಂದರೂ ಕಲ್ಪಿಸಲಾರೆ. ಬೇಸಿಗೆಯ ಕೊನೆಗೆ ಆ ಪೈಪ್ ಕಂಪನಿಗೆ ನಿಜವಾಗಿಯೂ ಬೀಗ ಬಿತ್ತು. ಪತ್ರಿಕೆಯ ಒಳಪುಟದಲ್ಲಿ ಸಣ್ಣದಾಗಿ ಬಂತು. ಲೆಕ್ಕಪತ್ರವೆಲ್ಲ ಸುಳ್ಳಂತೆ, ಷೇರು ಕಾಗದದ ಬೆಲೆಗೂ ಇಲ್ಲವಂತೆ. ಅವತ್ತೇ ಶಾರದಕ್ಕ ಬಳಗದಲ್ಲಿ ದೊಡ್ಡದಾಗಿ ಬರೆದರು. ಹಿತೈಷಿಯವರೇ, ನಿಮ್ಮ ಮಾತು ಕೇಳಿ ಮಾರಿದ್ದಕ್ಕೆ ಅರ್ಧವಾದರೂ ಉಳಿಯಿತು, ಮಳೆಗಾಲದೊಳಗೆ ಅರ್ಧ ಕಟ್ಟೆಯಾದರೂ ಏಳುತ್ತದೆ, ನೀವು ಎಲ್ಲೇ ಇರಿ ಚೆನ್ನಾಗಿರಿ ಎಂದು. ಅದನ್ನು ಅತ್ತೆ ಗಟ್ಟಿಯಾಗಿ ಓದಿ ಹೇಳಿದರು. ಓದುವಾಗ ನನ್ನ ಕಡೆ ನೋಡಲಿಲ್ಲ, ಅದು ಅವರ ದೊಡ್ಡತನ. ನನಗೆ ಬೈಗುಳವಾದರೂ ಸಹ್ಯವಾಗುತ್ತಿತ್ತು.

ಕಾಲೇಜು ಮತ್ತೆ ಶುರುವಾದ ವಾರ ಹಿರೇಮಠರು ಸ್ಟಾಫ್ ರೂಮಿನಲ್ಲಿ ಒಂದು ಹಾಳೆ ಹಿಡಿದುಕೊಂಡು ಬಂದರು. ಅಂದು ಆ ಭಾನುವಾರ ನಾನು ಬರೆದು, ಯಾರೂ ಓದದೆ ಹೋಗಿದ್ದ ಆ ನಾಲ್ಕು ಪ್ಯಾರಾಗಳ ಪ್ರತಿ. ಸೈಬರ್ ಕೆಫೆಯಲ್ಲಿ ಪ್ರಿಂಟು ತೆಗೆಸಿದ್ದರು, ಅಡಿಗೆರೆಗಳನ್ನೂ ಎಳೆದಿದ್ದರು.

“ಸರ, ಈ ಆರ್ಥಿಕ ಹಿತೈಷಿ ಅಂಬೋರು ಯಾರೋ ಗೊತ್ತಿಲ್ರಿ, ಖರೇವಂದ್ರ ಅರ್ಥಶಾಸ್ತ್ರ ತಿಳಿದ ಮನುಷ್ಯಾ. ನಾ ಗೆಳೆತನಕ್ಕ ಕೇಳೀನಿ, ಇನ್ನೂ ಒಪ್ಪಿಲ್ಲ. ಭಾಳ ಮಂದಿ ಬೆನ್ನು ಹತ್ಯಾರಂತ” ಎಂದರು. ಆಮೇಲೆ ದನಿ ತಗ್ಗಿಸಿ, ನೋಯಿಸಬಾರದೆಂಬ ಕಾಳಜಿಯಿಂದ ಹಾಳೆಯನ್ನು ನನ್ನ ಕೈಗಿಟ್ಟು, “ನೀವೂ ಒಂದ್ಸಲ ಓದಿ ನೋಡ್ರಿ ಸರ. ತಪ್ಪು ತಿಳೀಬ್ಯಾಡ್ರಿ. ನಿಮಗೂ ಪಾಠಕ್ಕ ಅನುಕೂಲ ಆಗ್ತದ” ಎಂದರು.

ಆಗಲಿ ಎಂದು ಹಾಳೆಯನ್ನು ಮಡಿಚಿ ಜೇಬಿಗೆ ಹಾಕಿಕೊಂಡೆ. ಆ ಗಳಿಗೆಯಲ್ಲಿ ನನಗೆ ನಾಚಿಕೆಯಾಗಬೇಕಿತ್ತು, ಪಶ್ಚಾತ್ತಾಪವಾದರೂ ಆಗಬೇಕಿತ್ತು. ಅವೆರಡೂ ಆಗಲಿಲ್ಲ. ಆ ಹಿತೈಷಿಯ ಮೇಲೆ ಹೊಟ್ಟೆಕಿಚ್ಚಾಯಿತು.